ಮೂರು ವಾಷರ್

ಕಿರ್ರ್ — ಬೆಲ್ಟು — ಅಲ್ಲ, ಬೆಲ್ಟಲ್ಲ, ಕಿಟಕಿಯ ಗಾಜು, ಭಾಲ್ಕಿ ಬಿಟ್ಟಾಗಿನಿಂದ ಈ ಬಸ್ಸಿನ ಗಾಜು ಹೀಗೇ ಕಿರುಗುಟ್ಟುತ್ತಿದೆ, ಆದರೂ ಪ್ರತಿ ಸಲ ವಿಶಾಖಾಳ ಕೈ ತೊಡೆಯ ಮೇಲಿನ ಚೀಲವನ್ನು ಗಟ್ಟಿಯಾಗಿ ಹಿಡಿಯುತ್ತದೆ, ಚೀಲದಲ್ಲಿ ಬೋಲ್ಟು ಬಿಚ್ಚುವ ಎರಡು ಪಾನಾ, ಈಗಷ್ಟೇ ಕೊಂಡ ಹೊಸ ಬೆಲ್ಟು, ಸ್ಟೀಲಿನ ಸ್ಕೇಲು, ಮೂರು ದಪ್ಪ ವಾಷರ್, ವಾಷರ್ ಮಾತ್ರ ಈಗ ಕೊಂಡದ್ದಲ್ಲ, ಬೆಳಿಗ್ಗೆಯಿಂದ ಅಲ್ಲೇ ಇದ್ದವು — ಇರಲಿ, ಅದರ ಮಾತು ಬೇಡ. ಭಾಲ್ಕಿಯ ಐಟಿಐಯಲ್ಲಿ ಹುಡುಗರಿಗೆ ಗೇರ್‌ಬಾಕ್ಸ್ ಬಿಚ್ಚಿ ತೋರಿಸುವಾಗ ತಮ್ಮ ನಾಗಸೇನನ ಫೋನು, ಅಕ್ಕಾ, ಬೆಲ್ಟ್ ಹರೀತು, ಇಂಜಿನ್ ಕುದಿಲಾಕತ್ತದ, ಔರಾದ ಇನ್ನ ಮೂರು ಕಿಲೋಮೀಟರ್ ಅದ, ಮಂದಿ ಹಾರ ಹಿಡಕೊಂಡು ನಿಂತಾರ, ಜಲ್ದಿ ಬಾ. ಬಾ ಅಂತೆ! ಹಾರ ಹಾಕಿಸಿಕೊಳ್ಳಲು ತಮ್ಮ, ಬೆಲ್ಟು ಹಾಕಲು ಅಕ್ಕ. ಬರೋದಿಲ್ಲ ಹೋಗೋ ಅನ್ನಲು ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಅವನು, ಅವ್ವನೂ ಇದ್ದಾಳ ಗಾಡ್ಯಾಗ, ಅಂದುಬಿಟ್ಟ. ಅವ್ವ? ಅವ್ವ ಬಸ್ಸಿಗೆ ಹೋಗುವವಳಿದ್ದಳಲ್ಲ, ನಿನ್ನೆ ಊಟಕ್ಕೆ ಕೂತಾಗ ತಾನೇ ಹೇಳಿದಳು, ನಂಗ ಆ ಗಾಡಿ ಭರೋಸಾ ಇಲ್ಲಪ್ಪಾ, ನಾ ಬಸ್ಸಿಗೇ ಹೋಗ್ತೀನಿ — ಮತ್ತೆ ಯಾಕೆ ಹತ್ತಿದಳು, ಎಪ್ಪತ್ತು ದಾಟಿದವಳು, ಯಾಕೆ ಹತ್ತಿದಳು?

ಮಗ ಕರೆದ, ಹತ್ತಿದಳು, ಇನ್ನೇನು, ಮಗಳು ಕರೆದಿದ್ದರೆ ಮೊಣಕಾಲು ನೋಯುತ್ತಿತ್ತು. ಆಧಾರ್ ಕಾರ್ಡ್ ತೋರಸ್ರಿ ಮೇಡಂ, ಎಲ್ಲಿಗ್ರಿ, ಕಂಡಕ್ಟರ್ ಎರಡನೇ ಸಲ ಕೇಳುತ್ತಿದ್ದಾನೆ, ಔರಾದ, ಅದರ ಮೂರು ಕಿಲೋಮೀಟರ್ ಮೊದಲೇ ಇಳೀತೀನ್ರಿ, ಅಲ್ಲಿ ಸ್ಟಾಪ್ ಇಲ್ರಿ ಮೇಡಂ, ಇಲ್ದಿದ್ರ ಮಾಡ್ರಿ! — ಅಯ್ಯೋ, ಅವನ ಮೇಲೆ ಯಾಕೆ ಕೂಗಿದಳು, ಪಾಪ, ಬೈಸಿಕೊಳ್ಳಬೇಕಾದವನು ಅಲ್ಲಿ ರಸ್ತೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದಾನೆ. ಫೋನಿನಲ್ಲಿ ಅವ್ವನ ತವರು ಔರಾದದಿಂದ ಬಂದ ಆ ಆಮಂತ್ರಣ ಇನ್ನೂ ಇದೆ, ಅಳಿಸಿಲ್ಲ, ನೋಯುವ ಹಲ್ಲನ್ನು ನಾಲಿಗೆ ಮುಟ್ಟುವ ಹಾಗೆ ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತಾಳೆ, ಮೇಲೆ ಜೈ ಭೀಮ್, ಕೆಳಗೆ ದಪ್ಪ ಅಕ್ಷರದಲ್ಲಿ, ಸ್ವಂತ ಕೈಯಿಂದ ಕಾರು ಕಟ್ಟಿದ ನಮ್ಮೂರ ಮೊಮ್ಮಗ ನಾಗಸೇನನಿಗೆ ಸತ್ಕಾರ. ಸ್ವಂತ ಕೈ! ಕೊಳಾರದ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕೈ, ಕಬ್ಬಿಣ ತಂದುಕೊಟ್ಟ ಕೈ, ವೆಲ್ಡಿಂಗ್ ಮಾಡಿದ ಕೈ, ಅಷ್ಟು ಒಪ್ಪೋಣ, ಆದರೆ ಆ ಹಳೆ ಜೀಪಿನ ಇಂಜಿನ್ನನ್ನು ಬೀದರಿನ ಮನೆಯ ಹಿತ್ತಿಲಲ್ಲಿ ತುಂಡು ತುಂಡು ಬಿಚ್ಚಿ ಮತ್ತೆ ಕೂಡಿಸಿದ್ದು ಯಾರು, ನಾಲ್ಕು ವರ್ಷ, ಒಂದು ಭಾನುವಾರ ತಪ್ಪಿಸದೆ, ಹೆಣ್ಣು ನೋಡಲು ಬಂದ ಗಂಡು ಸಂದಿನ ಗ್ರೀಸಿಗೆ ಮೂಗು ಮುರಿದು ಹೋದದ್ದು ಯಾರ ಉಗುರು ನೋಡಿ? ನಾ ಹೇಳಿಲ್ಲಕ್ಕಾ, ಅವ್ರೇ ಹಾಕ್ಯಾರ, ಅಂದ. ಅವರೇ ಹಾಕಿದರಂತೆ, ನನ್ನ ಅಕ್ಕನ ಹೆಸರೂ ಹಾಕ್ರಿ ಅನ್ನಲು ಇವನ ನಾಲಿಗೆ ಬಿದ್ದುಹೋಗಿತ್ತೇ?

ಅದೂ ಹೋಗಲಿ, ಹೆಸರು ಹೋಗಲಿ, ಡೈನಮೋ ಮುಟ್ಟಿದ್ದೇಕೆ. ಪುಸ್ತಕದಲ್ಲಿ ಆಲ್ಟರ್ನೇಟರ್, ಊರಿನ ಬಾಯಲ್ಲಿ ಡೈನಮೋ, ಬ್ಯಾಟರಿಗೆ ಕರೆಂಟು ತುಂಬುವ ಆ ಗುಂಡು ಇಂಜಿನ್ನಿನ ಕೆಳಗೆ ಚಕ್ರದ ಪಕ್ಕದಲ್ಲಿತ್ತು, ಮಳೆಗಾಲದ ಕೆಂಪು ರಾಡಿ ಸಿಡಿದು ಎರಡು ಸಲ ಸುಟ್ಟಿತ್ತು, ಅದನ್ನು ಮೇಲಕ್ಕೆ ಏರಿಸಬೇಕು ಅಂದವಳೇ ಅವಳು, ಹಾಜರಿ ಹಾಳೆಯ ಬೆನ್ನಿಗೆ ಅದನ್ನು ಹಿಡಿದಿಡುವ ಹೊಸ ಬ್ರಾಕೆಟ್ಟಿನ ಚಿತ್ರ ಬರೆದವಳೂ ಅವಳೇ, ಪಕ್ಕದಲ್ಲಿ ಬರೆದಿದ್ದಳು, ಹಿಂದೆ ಮೂರು ವಾಷರ್. ಹೋದ ವಾರ ಅವಳು ಪರೀಕ್ಷೆ ಡ್ಯೂಟಿಯಲ್ಲಿದ್ದಾಗ ಇವನು ಗ್ರೈಂಡರ್ ಹಿಡಿದು, ಅವಳು ಅರ ಹಾಕಿ ಹಾಕಿ ನಯ ಮಾಡಿದ್ದ ಹಳೆಯ ಬ್ರಾಕೆಟ್ಟನ್ನು ಕೊಯ್ದು ಬಿಸಾಕಿ, ಹೊಸದನ್ನು ತಾನೇ ಕೂರಿಸಿ, ಬಾನೆಟ್ ಎತ್ತಿ ಓಣಿಗೆಲ್ಲ ತೋರಿಸಿದ, ಡೈನಮಾ ಮ್ಯಾಲ ಏರಿಸೀನಿ ನೋಡ್ರಿ. ವಾಷರ್ ಎಲ್ಲೋ ಎಂದರೆ ನಗುತ್ತಾನೆ, ಹಂಗೇ ಕುಂತದ ಬಿಡಕ್ಕಾ, ಓಣ್ಯಾಗ ಎರಡು ಸುತ್ತು ಹೊಡದೀನಿ, ಏನೂ ಆಗಿಲ್ಲ. ಓಣಿಯ ಎರಡು ಸುತ್ತು! ಔರಾದ ಏನು ಓಣಿಯ ತುದಿಯಲ್ಲಿದೆಯೇ, ನಲವತ್ತು ಕಿಲೋಮೀಟರ್, ಬೆಲ್ಟು ಸೊಟ್ಟಗೆ ಓಡಿದರೆ ಅಂಚು ಸವೆಯುತ್ತದೆ, ಸವೆದು ಹರಿಯುತ್ತದೆ, ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುವುದು, ಹರಿದರೆ ಇಂಜಿನ್ ಕುದಿಯುತ್ತದೆ, ಇದನ್ನು ಹನ್ನೊಂದು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದಾಳೆ, ಬೆಲ್ಟು ಸುತ್ತುವ ಮೂರು ಪುಲ್ಲಿ ಒಂದೇ ಗೆರೆಯಲ್ಲಿರಬೇಕು, ಸ್ಕೇಲು ಇಟ್ಟು ನೋಡಬೇಕು, ಮೂರಕ್ಕೂ ಅಂಟಿ ಕೂರಬೇಕು, ಕೂರದಿದ್ದರೆ ಕೆಳಗೆ ಬೆಳಕು ಕಾಣುತ್ತದೆ —

ಬೆಳಕು. ಬೇಡವೆಂದರೂ ಬಂತು. ಹೌದು, ನೋಡಿದಳು, ಬೆಳಿಗ್ಗೆ ನೋಡಿದಳು, ನಾಗಸೇನ ಸ್ನಾನಕ್ಕೆ ಹೋಗಿದ್ದ, ಬಾನೆಟ್ ಎತ್ತಿ ಪುಲ್ಲಿಗಳ ಮೇಲೆ ಸ್ಕೇಲು ಇಟ್ಟಳು, ಡೈನಮೋದ ಪುಲ್ಲಿ ಹಿಂದೆ ಸರಿದಿತ್ತು, ಸ್ಕೇಲಿನ ಕೆಳಗೆ ಬೆಳಕು, ಜೋಳದ ಕಾಳಿನಷ್ಟು ಅಗಲ. ಹದಿನೈದು ನಿಮಿಷದ ಕೆಲಸ, ಬೋಲ್ಟು ಬಿಚ್ಚು, ವಾಷರ್ ಇಡು, ಬಿಗಿ. ವಾಷರ್ ಚೀಲದಲ್ಲೇ ಇದ್ದವು, ಆ ಉದ್ದೇಶಕ್ಕೇ ಇಟ್ಟುಕೊಂಡಿದ್ದಳು, ಅಷ್ಟರಲ್ಲಿ ಬಚ್ಚಲಿನಿಂದ ಅವನ ಹಾಡು ಕೇಳಿಸಿತು, ಎಷ್ಟು ಖುಷಿಯ ಹಾಡು, ಹೋಗಲಿ, ನಿಲ್ಲಲಿ ನಡುರಸ್ತೆಯಲ್ಲಿ, ಆಗ ಗೊತ್ತಾಗಲಿ ಕಾರು ಯಾರದೆಂದು, ಸ್ಕೇಲು ಚೀಲಕ್ಕೆ ಹಾಕಿದಳು, ಬಾನೆಟ್ ಮುಚ್ಚಿದಳು, ಭಾಲ್ಕಿ ಬಸ್ಸು ಹಿಡಿದಳು. ಅವ್ವ ಬಸ್ಸಿಗೆ ಹೋಗುತ್ತಾಳೆಂದುಕೊಂಡೇ ಅಲ್ಲವೇ, ಅವ್ವ ಕಾರು ಹತ್ತುತ್ತಾಳೆಂದು ಗೊತ್ತಿದ್ದರೆ ಅವಳು ಹಾಗೆ — ಅವ್ವನದೇ ತಪ್ಪು, ಯಾಕೆ ಹತ್ತಬೇಕಿತ್ತು!

ನಿಲ್ಲಸ್ರಿ, ಇಲ್ಲೇ, ಇಲ್ಲೇ. ಇಳಿದಳು, ಬಿಸಿಲು, ಬಾನೆಟ್ ತೆರೆದ ಹಸಿರು ಕಾರು, ನಾಗಸೇನನ ಬಲಗೈಗೆ ಬಿಳಿ ಬಟ್ಟೆ ಸುತ್ತಿದೆ, ಒದ್ದೆ, ಅವ್ವನ ಸೀರೆಯ ಸೆರಗು ಹರಿದದ್ದು. ಕ್ಯಾಪ್ ತೆಗದೆ ಅಕ್ಕಾ, ಉಗಿ ಹೊಡೀತು, ಅನ್ನುತ್ತಾನೆ, ಬೊಬ್ಬೆ ಎದ್ದಿದೆ ಮಣಿಕಟ್ಟಿನ ತನಕ, ಕುದಿಯೋ ನೀರಿನ ಕ್ಯಾಪ್ ಯಾರರೇ ತೆಗೀತಾರೇನೋ ಹುಚ್ಚಾ, ಅವಳು ಕಿರುಚುತ್ತಾಳೆ, ಕಣ್ಣಲ್ಲಿ ನೀರು ಬರುತ್ತಿದೆ, ಅದಕ್ಕೂ ಸಿಟ್ಟು, ಬೇವಿನ ಬುಡದಲ್ಲಿ ಕಲ್ಲಿನ ಮೇಲೆ ಕೂತ ಅವ್ವನ ಕಡೆಗೆ ತಿರುಗುತ್ತಾಳೆ, ಬಸ್ಸಿಗೆ ಹೋಗ್ತೀನಿ ಅಂದಿದ್ದಿ ನೀನು, ಯಾಕ ಹತ್ತಿದಿ, ಹೇಳು, ಯಾಕ ಹತ್ತಿದಿ ಈ ಗಾಡಿ? ಸುಭದ್ರಾಬಾಯಿ ತಲೆ ಎತ್ತಿ ಮಗಳನ್ನು ನೋಡಿದಳು, ದನಿಯಲ್ಲಿ ದೂರು ಇರಲಿಲ್ಲ. ನೀ ಮುಂಜಾನಿ ಉಕ್ಕಿನ ಪಟ್ಟಿ ಇಟ್ಟು ನೋಡಿದಿ ಅಲ್ಲ, ಕಿಡಕ್ಯಾಗಿಂದ ನಾ ನೋಡ್ಲಾಕತ್ತಿದ್ದೆ, ಏನೂ ಅನ್ನದೆ ಮುಚ್ಚಿದಿ, ನಮ್ಮ ವಿಶಾಖಾ ನೋಡಿ ಮುಚ್ಯಾಳಂದ್ರ ಗಾಡಿ ಸರಿ ಅದ ಅಂತ ಹತ್ತಿದೆ.

ಚೀಲ ತೆರೆದಳು. ವಾಷರ್ ಸದ್ದು ಮಾಡಿದವು. ಸ್ಕೇಲು ತೆಗೆದು ಪುಲ್ಲಿಗಳ ಮೇಲೆ ಇಟ್ಟಳು, ತೆಗೆದು ಮತ್ತೆ ಇಟ್ಟಳು, ಹಿಂದೆ ನಾಗಸೇನ ಏನೋ ಕೇಳುತ್ತಿದ್ದಾನೆ, ಏನಾಗ್ಯಾದ ಅಕ್ಕಾ, ಏನರೇ ಕಾಣ್ತದೇನು, ಕಾಣುತ್ತದೆ, ಸ್ಕೇಲಿನ ಕೆಳಗೆ ಬೆಳಕು, ಜೋಳದ ಕಾಳಿನಷ್ಟು ಅಗಲ, ಬೆಳಿಗ್ಗೆ ಇದ್ದಷ್ಟೇ, ಸ್ಕೇಲಿನ ಕೆಳಗೆ ಬೆಳಕು —