ಗೇಟಿನ ಬಳಿ ನಿಂತು ಹೇಳಿದ ಸಾಕ್ಷಿ

ಮರಗಳ ಆರೋಗ್ಯ ನೋಡುವುದು ನನ್ನ ಕೆಲಸ. ಮನೆಯ ಮೇಲೆ ವಾಲಿದ ಮರ, ಶಾಲೆಯ ಆವರಣದ ಮರ, ರಸ್ತೆಗೆ ಕೊಂಬೆ ಚಾಚಿದ ಮರ, ಯಾವುದನ್ನು ಉಳಿಸಬಹುದು, ಯಾವುದನ್ನು ಕಡಿಯಲೇಬೇಕು ಎಂದು ನೋಡಿ ಹೇಳುತ್ತೇನೆ. ನಮ್ಮ ಚರ್ಚಿನ ಸಭೆಯವರು ನನ್ನನ್ನು ಮರದ ಡಾಕ್ಟ್ರು ಎನ್ನುತ್ತಾರೆ. ಹಾಗೆಂದು ನನ್ನ ಮಾತು ಕೇಳುತ್ತಾರೆ ಎಂದೇನಲ್ಲ. ನಿಜವಾದ ಡಾಕ್ಟರ ಮಾತನ್ನೇ ಯಾರು ಕೇಳುತ್ತಾರೆ?

ಆ ಶನಿವಾರ ಮಧ್ಯಾಹ್ನ ಚರ್ಚಿನ ಅಂಗಳಕ್ಕೆ ಹೋದದ್ದು ಕೆಲಸದ ಮೇಲಲ್ಲ. ಮರುದಿನದ ಆರಾಧನೆಯಲ್ಲಿ ನಾನು ಸಾಕ್ಷಿ ಹೇಳಬೇಕಿತ್ತು. ದೇವರು ತನಗೆ ಮಾಡಿದ ಉಪಕಾರವನ್ನು ಎಲ್ಲರೆದುರು ಎದ್ದು ನಿಂತು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ. ನನ್ನ ಪಾಲಿಗೆ ಬಂದ ವಿಷಯ ಅಂಗಳದ ದೊಡ್ಡ ಮರ. ಕಳೆದ ವರ್ಷ ಅದು ತುದಿಯಿಂದ ಒಣಗುತ್ತಾ ಬಂದಿತ್ತು. ಅದೇ ಹೊತ್ತಿಗೆ ಅಮ್ಮನಿಗೆ ಲಕ್ವ ಹೊಡೆದು ಬಲಗಾಲು ಬಿದ್ದುಹೋಯಿತು. ಸಭೆ ಎರಡಕ್ಕೂ ಒಟ್ಟಿಗೇ ಪ್ರಾರ್ಥಿಸಿತು. ಅಮ್ಮ ಪ್ರತಿ ಭಾನುವಾರ ಗಾಲಿಕುರ್ಚಿಯನ್ನು ಮರದ ಬುಡಕ್ಕೇ ತಳ್ಳಿಸಿಕೊಂಡು, ಕಾಂಡದ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಿದ್ದಳು. ಈ ವರ್ಷ ಮರ ಮೈತುಂಬ ಚಿಗುರಿತು. ಕಾಂಡದ ಮೈಯಿಂದ ಕೂಡ ಚಿಗುರೊಡೆಯಿತು. ಅದೇ ವಾರ ಅಮ್ಮ ಕಾಲ್ಬೆರಳು ಅಲ್ಲಾಡಿಸಿದಳು. ಈಗ ಮನೆಯೊಳಗೆ ಗೋಡೆ ಹಿಡಿದು ಅಡುಗೆಮನೆಯವರೆಗೆ ಬರುತ್ತಾಳೆ. ನಾನೂ ದೇವರಿಗೆ ಸ್ತೋತ್ರ ಎಂದೆ, ಮನಸಾರೆ ಎಂದೆ.

ಮರದ ಹತ್ತಿರ ಹೋದರೆ ತಟ್ಟದೆ ಬರಲಾರೆ. ಅದೊಂದು ಚಟ. ಚೀಲದಿಂದ ರಬ್ಬರ್ ಸುತ್ತಿಗೆ ತೆಗೆದು, ಮಗುವಿನ ಬೆನ್ನು ತಟ್ಟುವ ಹಾಗೆ ಸುಮ್ಮನೆ ಒಂದು ಪೆಟ್ಟು ಕೊಟ್ಟೆ. ಗಟ್ಟಿ ಮರ ಗಟ್ಟಿಯಾಗಿಯೇ ಉತ್ತರ ಕೊಡುತ್ತದೆ. ಇದು ಖಾಲಿ ಡ್ರಮ್ಮಿನಂತೆ ಗುಂಯ್ ಎಂದಿತು. ಸುತ್ತ ಬಂದು ತಟ್ಟಿದೆ. ಅದೇ ಸದ್ದು. ಬುಡದಲ್ಲಿ ಕಂದು ಬಣ್ಣದ ಅಣಬೆ ತಟ್ಟೆ ತಟ್ಟೆಯಾಗಿ ಕೂತಿತ್ತು. ಯಾರೋ ಪುಣ್ಯಾತ್ಮರು ಅದರ ಮೇಲೆ ಹಾಡಿನ ಪುಸ್ತಕ ಇಟ್ಟು ಮರೆತು ಹೋಗಿದ್ದರು. ತೆಳು ಕಂಬಿಯನ್ನು ಬೇರಿನ ಸಂದಿಗೆ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದಂತೆ ಹಿಡಿಯವರೆಗೂ ಇಳಿಯಿತು.

ಆಗ ಗಾಳಿ ಬಂತು. ಮರ, ಆರಾಧನೆಗೆಂದು ಅದರಡಿ ಹಾಕಿದ್ದ ಬೆಂಚುಗಳ ಕಡೆಗೆ ಸ್ವಲ್ಪವೇ ಸ್ವಲ್ಪ ವಾಲಿತು. ನಾನು ಕೂತಿದ್ದ ಕಡೆ, ಮರದ ಹಿಂಬದಿಯಲ್ಲಿ, ಬುಡದ ಮಣ್ಣು ಬಿರುಕು ಬಿಟ್ಟಿತು. ಗಾಳಿ ನಿಂತಾಗ ಬಿರುಕು ಮುಚ್ಚಿತು. ಕಣ್ಣನ್ನು ನಂಬಲಾರದೆ ಅಲ್ಲಿ ಬೆರಳಿಟ್ಟೆ. ಮುಂದಿನ ಗಾಳಿಗೆ ಅದು ಬಾಯಿ ತೆರೆಯಿತು, ಮುಚ್ಚುವಾಗ ನನ್ನ ಬೆರಳನ್ನು ಹಿಡಿದುಕೊಂಡಿತು. ಮೆತ್ತಗೇ ಹಿಡಿಯಿತು. ಬೆರಳನ್ನು ಎಳೆದುಕೊಂಡೆ. ಅಷ್ಟು ದೊಡ್ಡ ಮರವನ್ನು ಹಿಡಿದು ನಿಲ್ಲಿಸುವ ಬೇರು ಹೆಚ್ಚೇನೂ ಉಳಿದಿರಲಿಲ್ಲ.

ಸಾಯುವ ಮರ ಕೆಲವೊಮ್ಮೆ ಹೀಗೆ ಮಾಡುತ್ತದೆ. ಕೂಡಿಟ್ಟದ್ದನ್ನೆಲ್ಲ ಒಂದೇ ಸಲಕ್ಕೆ ಚೆಲ್ಲಿ ಚಿಗುರಿಬಿಡುತ್ತದೆ. ಬೇರೆ ಯಾರದೋ ಅಂಗಳವಾಗಿದ್ದರೆ ಇದು ನನಗೆ ಹೊಳೆಯುತ್ತಿತ್ತು. ನಮ್ಮದಾದ್ದರಿಂದ ಎಲ್ಲರ ಜೊತೆ ನಾನೂ ಕೈಮುಗಿದು ನಿಂತಿದ್ದೆ.

ಪಾದ್ರಿಗಳು ಚರ್ಚಿನೊಳಗೆ ಧೂಳು ಗುಡಿಸುತ್ತಿದ್ದರು. ಚಾವಣಿ ಬಿಚ್ಚಿ ರಿಪೇರಿ ನಡೆಯುತ್ತಿದ್ದುದರಿಂದ ಆರಾಧನೆಯೆಲ್ಲ ಮರದಡಿಯಲ್ಲೇ.

“ನಾಳೆ ಅಲ್ಲಿ ಯಾರೂ ಕೂರಬಾರ್ದು ಪಾದ್ರಿಗಳೇ. ಮರ ಬೀಳುತ್ತೆ.”

“ಯಾವಾಗ?”

“ಅದು ಹೇಳಕ್ಕಾಗಲ್ಲ. ನಾಳೇನೇ ಬೀಳಬಹುದು, ಆರು ತಿಂಗಳು ನಿಂತ್ರೂ ನಿಂತೀತು.”

“ಎಲೆ ನೋಡಮ್ಮ, ಎಷ್ಟು ಹಸಿರಾಗಿದೆ! ನೀನೂ ಪ್ರಾರ್ಥನೆ ಮಾಡಿದವಳೇ ಅಲ್ವಾ? ನಂಬಿಕೆ ಇಲ್ವಾ?”

“ದೇವರ ಮೇಲಿದೆ. ಬೇರಿನ ಮೇಲಿಲ್ಲ.”

ಅವರು ನಕ್ಕರು. ಕೆಟ್ಟ ಮನುಷ್ಯರಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಮನೆಯವರ ಹಾಗೆ ಬೆಂಚಿನ ಮೇಲೆ ಕಾದು ಕೂತವರು. ನಗು ಮುಗಿದ ಮೇಲೆ ಪೊರಕೆ ಗೋಡೆಗೊರಗಿಸಿ ಕೇಳಿದರು. “ಅಮ್ಮನಿಗೆ ಹೇಳಿದ್ಯಾ? ಮೊದಲು ಅವರಿಗೆ ಹೇಳು. ಅವರು ಒಪ್ಪಿದ್ರೆ ನಾನೇ ಬೆಂಚು ಎತ್ತಿಡ್ತೀನಿ.”

ನಾನು ಚೀಲ ಹೆಗಲಿಗೇರಿಸಿ ಹೊರಟೆ.

ಮನೆಗೆ ಹೋದರೆ ಅಮ್ಮ ಒಲೆಯ ಮುಂದೆ ನಿಂತಿದ್ದಳು. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಕೈಯಲ್ಲಿ ಚಹಾದ ಪಾತ್ರೆ. “ನೋಡ್ದ್ಯಾ? ಯಾರೂ ಹಿಡ್ಕೊಂಡಿಲ್ಲ ನನ್ನ,” ಎಂದಳು. ಲೋಟಕ್ಕೆ ಬಿದ್ದಷ್ಟೇ ಚಹಾ ಕಟ್ಟೆಯ ಮೇಲೂ ಬಿತ್ತು. ಅವಳಿಗೆ ಅದು ಲೆಕ್ಕಕ್ಕೇ ಇಲ್ಲ. “ನಾಳೆ ಮರದ ಬುಡಕ್ಕೇ ನನ್ನ ಕೂರಿಸ್ಬೇಕು, ಗೊತ್ತಾಯ್ತಾ? ಅದೂ ನಾನೂ ಜೊತೇಲೇ ಎದ್ದವರು.”

ಹೇಳಬೇಕಾದ ಮಾತನ್ನು ಚಹಾದ ಜೊತೆ ನುಂಗಿದೆ. ಕೆಲಸದಲ್ಲಿ ನಾನು ಎಂಥೆಂಥ ಜೋರಿನವರಿಗೂ ಮುಖಕ್ಕೆ ಹೊಡೆದ ಹಾಗೆ ಹೇಳುವವಳು. ಆ ದಿನ ಕಟ್ಟೆ ಒರೆಸಿದೆ, ಅಷ್ಟೇ. ಅವಳ ಮುಖ ಬಾಡುವುದನ್ನು ನೋಡುವ ಧೈರ್ಯ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬೇಗ ಎದ್ದು ಹೋಗಿ, ಬೆಂಚುಗಳನ್ನೂ ಸೇರಿಸಿ ಮರದ ಸುತ್ತ ಕೆಂಪು ಬಿಳಿ ಎಚ್ಚರಿಕೆಯ ಪಟ್ಟಿ ಕಟ್ಟಿ ಬಂದೆ. ಮಾತಿಗೆ ಆಗದ್ದನ್ನು ಪಟ್ಟಿ ಮಾಡಲಿ ಎಂದುಕೊಂಡೆ. ಸ್ನಾನ ಮುಗಿಸಿ ಹೊರಬರುವಷ್ಟರಲ್ಲಿ ಅಮ್ಮ ಇರಲಿಲ್ಲ. ಮೈಕಣ್ಣ ವ್ಯಾನ್ ತಂದು ಕರೆದುಕೊಂಡು ಹೋಗಿದ್ದ. ಮೈಕಣ್ಣ ನಮ್ಮ ಸಭೆಯ ಮೈಕು ನೋಡಿಕೊಳ್ಳುವವನು. ಒಮ್ಮೆ ಕೈಗೆ ಸಿಕ್ಕರೆ ಬಿಡುವವನಲ್ಲ, ಅದಕ್ಕೇ ಆ ಹೆಸರು. ಹೊರಗೆ ಗಾಳಿ ಎದ್ದಿತ್ತು. ಒಣಹಾಕಿದ ಬಟ್ಟೆಗಳು ಹಗ್ಗದ ಮೇಲೆ ಪಟಪಟ ಬಡಿದುಕೊಳ್ಳುತ್ತಿದ್ದವು. ನಾನು ಓಡಿದೆ.

ಚರ್ಚಿನ ಗೇಟಿನಲ್ಲಿ ಕಾಲು ನಿಂತುಬಿಟ್ಟಿತು. ನಾನು ಕಟ್ಟಿದ ಪಟ್ಟಿಯನ್ನು ಕತ್ತರಿಸಿ, ಹೂವಿನ ಹಾಗೆ ಗಂಟು ಹಾಕಿ, ಪ್ರತಿ ಬೆಂಚಿನ ತುದಿಗೂ ಅಲಂಕಾರ ಮಾಡಿದ್ದರು. ಮುಂದೆ ಚಾಪೆಯ ಮೇಲೆ ಮಕ್ಕಳು. ಅವರ ಪಕ್ಕದಲ್ಲಿ, ಕಾಂಡಕ್ಕೆ ಕುರ್ಚಿ ತಾಗಿಸಿಕೊಂಡು ಅಮ್ಮ. ಮೇಲೆ ಅಷ್ಟೂ ಹಸಿರು ಒಂದೇ ಕಡೆಗೆ, ಅವರ ಕಡೆಗೆ, ತೂಗುತ್ತಿತ್ತು.

“ಬಂದ್ರು ಬಂದ್ರು, ಮರದ ಡಾಕ್ಟ್ರು! ಅಕ್ಕಾ, ಪಟ್ಟಿ ತುಂಬ ಚೆನ್ನಾಗಿತ್ತು, ಥ್ಯಾಂಕ್ಸ್. ಬನ್ನಿ, ಸಾಕ್ಷಿ ಹೇಳಿ!” ಮೈಕಣ್ಣನ ದನಿ ಅಂಗಳವನ್ನೆಲ್ಲ ತುಂಬಿತು.

ಹಗ್ಗ ಕಟ್ಟಿಕೊಂಡು ನಾನು ಹತ್ತದ ಮರವಿಲ್ಲ. ತುದಿಯಲ್ಲಿ ಕೂತು ಬುತ್ತಿ ಬಿಚ್ಚಿ ತಿಂದಿದ್ದೇನೆ. ಆದರೆ ಆವತ್ತು ಆ ನೆರಳಿಗೆ ಒಂದು ಹೆಜ್ಜೆ ಇಡಲಾಗಲಿಲ್ಲ. ಗೇಟಿನ ಸರಳು ಹಿಡಿದುಕೊಂಡೆ.

“ನಾನು ಅಲ್ಲಿಗೆ ಬರಲ್ಲ,” ಎಂದು ಕೂಗಿದೆ. “ಇಲ್ಲಿಂದ್ಲೇ ಹೇಳ್ತೀನಿ.”

“ವಯರು ಅಲ್ಲೀತನಕ ಬರಲ್ಲ ಅಕ್ಕಾ!” ಮೈಕಣ್ಣ ಅಂದ. ಎಲ್ಲರೂ ನಕ್ಕರು.

“ಮೈಕು ಬೇಡ. ನನ್ನ ಸಾಕ್ಷಿ ಇಷ್ಟೇ. ನನಗೆ ಭಯ ಆಗ್ತಿದೆ. ಆ ಮರ ಒಳಗೆಲ್ಲ ಪೊಳ್ಳು, ಬೇರು ಕೊಳೆತುಹೋಗಿದೆ. ಅದು ಬದುಕಿ ಚಿಗುರಿದ್ದಲ್ಲ, ಸಾಯ್ತಾ ಚಿಗುರಿದ್ದು. ದೇವರು ನನಗೇನು ಉಪಕಾರ ಮಾಡ್ದ ಅಂದ್ರೆ, ನಿನ್ನೆ ಅದನ್ನ ತಟ್ಟಿ ನೋಡೋ ಬುದ್ಧಿ ಕೊಟ್ಟ. ನಿಮ್ಮ ಕಾಲಿಗೆ ಬೀಳ್ತೀನಿ, ಎದ್ದು ಈ ಕಡೆ ಬನ್ನಿ.”

ನಗು ನಿಂತಿತು, ಆದರೆ ಯಾರೂ ಏಳಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ “ಅಪನಂಬಿಕೆ” ಎಂದದ್ದು ಕೇಳಿಸಿತು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತಲೆ ತಿರುಗಿಸಿದರು. ನನ್ನ ಕಡೆಗಲ್ಲ, ಅಮ್ಮನ ಕಡೆಗೆ. ಆ ಮರ ಎಲ್ಲರಿಗಿಂತ ಹೆಚ್ಚಾಗಿ ಅವಳದ್ದಾಗಿತ್ತು. ಇನ್ನೊಂದು ಗಾಳಿ ಬೀಸಿತು. ಕರ್ತನೇ, ಈಗ ಬೇಡ, ಅವಳು ಅಲ್ಲಿದ್ದಾಳೆ ಎಂದೆ. ನನಗೆ ಬಂದ ಪ್ರಾರ್ಥನೆ ಅಷ್ಟೇ.

ಅಮ್ಮ ನನ್ನನ್ನೇ ನೋಡುತ್ತಿದ್ದಳು. ಕಾಂಡದ ಮೇಲಿಟ್ಟಿದ್ದ ಕೈಯನ್ನು ನಿಧಾನವಾಗಿ ಮಡಿಲಿಗೆ ತಂದುಕೊಂಡಳು.

“ಚಿಕ್ಕವಳಿದ್ದಾಗ ಇವಳನ್ನ ಮರದಿಂದ ಇಳಿಸೋಕೆ ನಾನು ಕೋಲು ಹಿಡ್ಕೊಂಡು ನಿಲ್ತಿದ್ದೆ,” ಎಂದಳು ಪಾದ್ರಿಗಳಿಗೆ. “ಮರ ಕಂಡು ಹೆದರಿದ್ದನ್ನ ಇವತ್ತೇ ನೋಡ್ತಿರೋದು. ನನ್ನ ಕುರ್ಚಿ ತಳ್ಳಿ.”

ಪಾದ್ರಿಗಳು ಕೊಟ್ಟ ಮಾತಿಗೆ ತಪ್ಪಲಿಲ್ಲ. ಬೆಂಚು ಎತ್ತಲು ಹೇಳಿ, ತಾವೇ ಅವಳ ಕುರ್ಚಿ ತಳ್ಳಿಕೊಂಡು ಬಂದರು. ಹಿಂದೆ ಮಕ್ಕಳು, ಅವರ ಹಿಂದೆ ಬೆಂಚು ಹೊತ್ತ ದೊಡ್ಡವರು. ಕೊನೆಗೆ ಮೈಕಣ್ಣ, ವಯರು ಕಿತ್ತ ಮೈಕನ್ನು ಎದೆಗವಚಿಕೊಂಡು.

ಮರ ಬೀಳಲಿಲ್ಲ. ಗೇಟಿನ ಬಳಿಯ ಸುಡುಬಿಸಿಲಲ್ಲಿ ಪಾದ್ರಿಗಳ ಪ್ರಸಂಗ ಮುಗಿಯುವವರೆಗೂ ಅದು ಎದುರಿಗೆ ಹಸಿರಾಗಿ ನಿಂತಿತ್ತು. ಜನ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಾ ಬೆವರು ಒರೆಸಿಕೊಂಡರು. ಒಂದು ಗಳಿಗೆ ಅದು ಈಗಲೇ ಬಿದ್ದುಬಿಡಲಿ ಎಂದು ಆಸೆಪಟ್ಟೆ. ಆ ಆಸೆಗೂ ಹೆದರಿದೆ.

ಮರುದಿನ ಕ್ರೇನು ತರಿಸಿ ಮೇಲಿನಿಂದ ತುಂಡು ತುಂಡಾಗಿ ಇಳಿಸಿದೆವು. ಬುಡ ಕೊಯ್ದಾಗ ಒಳಗೆ ಒಂದು ಮಗು ನಿಲ್ಲುವಷ್ಟು ಜಾಗವಿತ್ತು. ಮೈಕಣ್ಣ ತಲೆ ಒಳಗೆ ಹಾಕಿ ನೋಡಿ, ಮಾತಿಲ್ಲದೆ ಹೊರಬಂದ. ಅವನ ಬಾಯಿ ಕಟ್ಟಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಕ್ಕಳಿಗೆ ಚಾಪೆ ಹಾಸುತ್ತಿದ್ದ ಜಾಗವನ್ನು ನೋಡುತ್ತಾ ಪಾದ್ರಿಗಳು ಬಹಳ ಹೊತ್ತು ನಿಂತಿದ್ದರು.

ಅಮ್ಮ ಹಟ ಮಾಡಿ ಬಂದಿದ್ದಳು. ಕುರ್ಚಿಯಿಂದಲೇ ಬಗ್ಗಿ, ಬಿದ್ದ ಕೊಂಬೆಯಿಂದ ಒಂದು ಎಳೆ ಎಲೆ ಕಿತ್ತುಕೊಂಡಳು.

“ಇಷ್ಟು ಚಿಗುರೋಕೆ ಇದಕ್ಕೆ ಶಕ್ತಿ ಎಲ್ಲಿಂದ ಬಂತು?”

“ಇದ್ದಿದ್ದನ್ನೆಲ್ಲ ಹಾಕಿಬಿಡುತ್ತಮ್ಮ. ಕೊನೇ ಸಲಕ್ಕೆ.”

ಅಮ್ಮ ಬಲಗಾಲನ್ನು ಮುಂದೆ ಚಾಚಿದಳು. ಬೆರಳು ಅಲ್ಲಾಡಿಸಿದಳು. ಚೆನ್ನಾಗಿಯೇ ಅಲ್ಲಾಡಿದವು.

“ಹಾಗಾದ್ರೆ ಇದು?”

“ನೀನೇನು ಮರಾನಾ?” ಎಂದೆ. ತೀರಾ ಬೇಗ ಎಂದುಬಿಟ್ಟೆ.

ಅವಳು ನಕ್ಕಳು. ನನ್ನ ಕೈಯಲ್ಲಿದ್ದ ಸುತ್ತಿಗೆ ನೋಡಿ, ಬೆರಳನ್ನು ತನ್ನ ಎದೆಯ ಮೇಲಿಟ್ಟುಕೊಂಡು, “ಒಂದ್ಸಲ ತಟ್ಟಿ ನೋಡೇ,” ಎಂದಳು.

ತಮಾಷೆಗೆ ಅಂದದ್ದು. ನಾನೂ ನಕ್ಕೆ. ಆದರೆ ನಗು ಮುಗಿದ ಮೇಲೂ ಅವಳ ಬೆರಳು ಎದೆಯ ಮೇಲೇ ಇತ್ತು. ಅವಳು ಕಾಯುತ್ತಿದ್ದಳು. ನಾನು ಸುತ್ತಿಗೆಯನ್ನು ಚೀಲದ ತಳಕ್ಕೆ ಹಾಕಿ ಜಿಪ್ ಎಳೆದೆ, ಮುಖ ಅವಳಿಗೆ ಕಾಣದ ಹಾಗೆ ಕುರ್ಚಿಯ ಹಿಂದೆ ಹೋಗಿ ನಿಂತೆ.