ಪೆನ್ಸಿಲಿನಲ್ಲಿ ಬರೆದ ಹೆಸರು

ಅರಗಿನ ವಾಸನೆ, ಬೀದಿಯ ಆ ತುದಿಯಿಂದಲೇ, ಹಾಗಾದರೆ ಇಮಾಮ್ ಸಾಬರು ಶುರು ಮಾಡಿಬಿಟ್ಟರೇ, ಇಲ್ಲ, ಚನ್ನಪಟ್ಟಣದ ಈ ಬೀದಿಯಲ್ಲಿ ಮನೆಗೊಂದು ಮರ ಕಡೆಯುವ ಲೇತು, ಯಾರದಾದರೂ ಆಗಬಹುದು, ಹೇಮಶ್ರೀ ಬೇಗ ಬೇಗ ನಾಲ್ಕು ಹೆಜ್ಜೆ ಹಾಕಿ ಮತ್ತೆ ನಿಧಾನಿಸುತ್ತಾಳೆ, ಬೆಳಿಗ್ಗೆ ಸಾಬರ ಕರೆ ಬಂದದ್ದು ಶಿವಕಿರಣನ ಫೋನಿಗೆ, ಗಂಡ ಸತ್ತು ಮೂರು ತಿಂಗಳಾದರೂ ಅದಕ್ಕಿನ್ನೂ ಚಾರ್ಜು ಹಾಕುತ್ತಾಳೆ, ಸಾರ್ ಮರ ಒಣಗೈತೆ, ಇವತ್ತು ನಿಮ್ ಡಬ್ಬಿ ಕಡೀತೀನಿ ಬಂದ್ಬುಡಿ, ಅವಳು ಹೂಂ ಅಂದಳು, ಯಾಕೆ ಹೂಂ ಅಂದಳೋ — ಡಬ್ಬಿ ಮಾಡಿಕೊಡಿ ಅನ್ನಲು ಅವತ್ತು ಗಂಡ ಹೆಂಡತಿ ಇಬ್ಬರೂ ಬಂದಿದ್ದರು, ಹಸಿ ಮರ ಸೀಳ್ತದೆ, ಒಣಗ್ಲಿ, ಯಾರ ತುಂಡು ಅಂತ ಗುರ್ತಿಗೆ ಒಂದು ಹೆಸ್ರು ಬರೀರಿ ಎಂದು ಸಾಬರು ಪೆನ್ಸಿಲ್ ಕೊಟ್ಟರೆ ಅವನು ತನ್ನದು ಬಿಟ್ಟು ಇವಳ ಹೆಸರು ಬರೆದ, ಪೆನ್ನಿಡೋ ಡಬ್ಬಿ ತಾನೇ, ಬರೆಯೋಳು ನೀನು ಅಂದ, ಶ್ರೀ ಅಕ್ಷರದ ಬಾಲ ಮರದ ಅಂಚು ದಾಟಿ ಹೊರಟಿತ್ತು, ಉಳಿ ಮೊದಲು ಹೆರೆಯುವುದು ಅದನ್ನೇ, ಅವನ ಕೈಬರಹ ಇನ್ನೆಲ್ಲೂ ಇಲ್ಲ, ಮನೆಯೆಲ್ಲ ಹುಡುಕಿದ್ದಾಳೆ, ಎಲ್ಲವನ್ನೂ ಫೋನಿನಲ್ಲೇ ಒತ್ತುತ್ತಿದ್ದವನು. ಬೇಡ ಅನ್ನಲು ಒಂದು ಫೋನು ಸಾಕಿತ್ತು, ಯಾಕೆ ಎಂದು ಕೇಳುತ್ತಾರೆ, ಆಗ ಹೇಳಬೇಕು, ಆ ಮಾತನ್ನು ಅವಳ ಬಾಯಿ ಇನ್ನೂ ಆಡಿಲ್ಲ, ಎಲ್ಲರಿಗೂ ಅಣ್ಣನೇ ಹೇಳಿದ, ಬಳೆ ಅಂಗಡಿ ಹೋಯಿತು, ಕೆಂಪು ಮರಗುದುರೆಗಳ ಸಾಲು ಹೋಯಿತು, ಕಾವೇರಮ್ಮನ ಹೋಟೆಲಿನ ಹಬೆ, ಕಾಲು ತಾನಾಗಿ ಒಳಗೆ ಹೋಯಿತು.

ಏನವ್ವ, ನಿನ್ ಗಂಡುನ್ನ ಎಲ್ಲಿ ಬುಟ್ಬುಟ್ಟು ಬಂದೆ, ಐದು ಇಡ್ಲಿ ತಿಂದು ಒಸಿ ಚಟ್ನಿ ಕೊಡವ್ವ ಅಂದೋನು, ಹೊಟ್ಟೆಯೋ ಗುಡಾಣವೋ, ಗಾಡಿ ನಿಲ್ಲಿಸ್ತಾವ್ರೆ ಅಂದುಬಿಟ್ಟಳು ಹೇಮಶ್ರೀ, ಸುಳ್ಳು ಎಷ್ಟು ಸಲೀಸು, ಹಂಗಾರೆ ಅವನ್ಗೂ ಹಾಕ್ತೀನಿ, ಬಿಸಿ ಐತೆ, ಎದುರಿನ ಖಾಲಿ ಜಾಗದ ಮುಂದೆ ಒಂದು ತಟ್ಟೆ, ಬೆಣ್ಣೆ ಜಾರುತ್ತಿದೆ, ಆ ಬಾಲ ಮೇಲಕ್ಕೆ ಬಾಗಿತ್ತೋ ಕೆಳಕ್ಕೋ, ನೆನಪಾಗುತ್ತಿಲ್ಲ, ನೆನಪಾಗುತ್ತಿಲ್ಲ, ಎದ್ದಳು, ಯಾಕವ್ವ ಒಂದ್ ತುತ್ತೂ ಮುಟ್ನಿಲ್ಲ, ಬಿಸಿಲು, ಅಡ್ಡ ಬಂದ ಆಟೋ, ಓಡುತ್ತಿದ್ದಾಳೆ, ಸಾಬರ ಬಾಗಿಲಿಗೆ ತೂಗುಹಾಕಿದ ಮರದ ಮಣಿಗಳು ಮುಖಕ್ಕೆ ತಾಗಿದವು, ಬಾಮ್ಮ ಬಾ, ಸಾರ್ ಎಲ್ಲಿ, ನನ್ ಮುಂದೇನೇ ಕಡೀಬೇಕು ಅಂದಿದ್ರಲ್ಲ, ಅದ್ಕೇ ಉಳಿ ಇಕ್ಕಿಲ್ಲ, ಲೇತು ತಿರುಗುತ್ತಿದೆ, ಮರದ ಮೇಲೆ ಅಕ್ಷರವಿಲ್ಲ, ಹೊಗೆಯಂಥ ಒಂದು ಬೂದು ಪಟ್ಟಿ, ಅಷ್ಟೇ, ಬತ್ತಾರಾ, ಶುರು ಮಾಡ್ಲಾ, ಸಾಬರು ಉಳಿ ಎತ್ತಿಕೊಂಡರು, ಗಾಡಿ ನಿಲ್ಲಿಸ್ತಾವ್ರೆ ಎಂಬ ಮಾತು ನಾಲಿಗೆ ತುದಿಗೆ ಬಂದು ನಿಂತಿತು — ಅವರು ಬರಲ್ಲ, ತೀರಿಕೊಂಡ್ರು, ಯಾರದೋ ದನಿ, ಅವಳದೇ, ಸಾಬರು ಉಳಿ ಕೆಳಗಿಟ್ಟು ಲೇತಿನ ಸ್ವಿಚ್ಚು ಆರಿಸಿದರು, ಮರ ನಿಧಾನವಾಗುತ್ತಿದೆ, ಪಟ್ಟಿ ಒಡೆಯುತ್ತಿದೆ, ಹೇ, ಮ, ಮತ್ತೆ ಹೇ, ಮತ್ತೆ ಮ, ಈಗ ಶ್ರೀ, ಈಗ ಬಾಲ, ಮೇಲಕ್ಕೆ ಬಾಗಿದ್ದು, ಅಂಚು ದಾಟಿ ಹೊರಟಿದ್ದು, ಅಂಚು ದಾಟಿ —