ಚಿಗರಿಯ ಮೇಲೆ ಬಂದ ದೂರು

ಮೈಲಾರಪ್ಪ ಕುರಿ ಮಾರಿ ಎರಡು ವರ್ಷವಾಗಿತ್ತು. ಮಸ್ಕಿ ರಸ್ತೆಯಲ್ಲಿ ಹಿಂಡು ದಾಟಿಸುವಾಗ ಬೈಕೊಂದು ಬಂದು ಗುದ್ದಿ ಅವನ ಎಡತೊಡೆಯ ಮೂಳೆ ಮುರಿದಿತ್ತು. ಒಳಗೆ ರಾಡು ಹಾಕಿದರು. ಮೂಳೆ ಕೂಡಿತು, ನಡಿಗೆ ಕೂಡಲಿಲ್ಲ. ದಿನಕ್ಕೆ ನಾಲ್ಕು ಹರದಾರಿ ನಡೆಯಲಾಗದವನು ಕುರಿ ಇಟ್ಟುಕೊಂಡು ಮಾಡುವುದೇನು? ಹೊರಗಿನವರಿಗೆ ಕೊಡಲು ಮನಸ್ಸು ಬಾರದೆ, ಹೆಂಡತಿ ಗ್ಯಾನಮ್ಮನ ತಮ್ಮ ಆಂಜನೇಯನಿಗೇ ಅರವತ್ತೂ ಕುರಿ ಒಪ್ಪಿಸಿದ. ಹೀಗಾಗಿ ಕುರಿ ತಮ್ಮೂರು ಪಾಮನಕಲ್ಲೂರಲ್ಲೇ ಉಳಿದವು, ಅವನ ಕಣ್ಣೆದುರಿಗೇ ಉಳಿದವು. ಅದೇ ತಪ್ಪಾಯಿತೇನೋ ಎಂದು ಆಮೇಲೆ ಅವನಿಗೆ ಎಷ್ಟೋ ಸಲ ಅನ್ನಿಸಿತು.

ಮಾರದೆ ಉಳಿದದ್ದು ನಾಯಿಯೊಂದೇ. ನೀಳ ಕಾಲಿನ, ಒಳಸೇರಿದ ಹೊಟ್ಟೆಯ, ಒಣಹುಲ್ಲಿನ ಬಣ್ಣದ ಹೆಣ್ಣುನಾಯಿ. ಓಡುವಾಗ ಜಿಂಕೆಯ ಹಾಗೆ ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಅನ್ನಿಸುತ್ತಿತ್ತು. ಅದಕ್ಕೇ ಚಿಗರಿ ಎಂದು ಹೆಸರಿಟ್ಟಿದ್ದ. ಆಂಜನೇಯ ಕುರಿಯ ಜೊತೆ ಅದನ್ನೂ ಒಯ್ದಿದ್ದ. ಮೂರು ಸಲ ಒಯ್ದ, ಮೂರು ಸಲವೂ ಅದು ಸಂಜೆಗೆ ಮೈಲಾರಪ್ಪನ ಬಾಗಿಲಿಗೆ ಬಂದು ಮಲಗಿತು. "ಇದು ನಿನ್ನ ಬಿಟ್ಟಿರಂಗಿಲ್ಲ ಮಾಮಾ, ನಿನ್ನ ಹತ್ರಾನ ಇರಲಿ" ಎಂದು ಆಂಜನೇಯ ನಕ್ಕು ಕೈಬಿಟ್ಟ.

ಚಿಗರಿಗೆ ಎರಡೇ ಮಾತು ಗೊತ್ತಿದ್ದವು, ಎರಡೂ ಸಿಳ್ಳಿನವು. ಒಂದು ಉದ್ದ ಸಿಳ್ಳು ಹಾಕಿದರೆ ಹಿಂಡಿನ ಸುತ್ತ ಓಡಿ ಕುರಿಗಳನ್ನು ಯಜಮಾನನ ಕಡೆ ತಿರುಗಿಸಬೇಕು. ಎರಡು ಗಿಡ್ಡ ಸಿಳ್ಳು ಹಾಕಿದರೆ ಇದ್ದಲ್ಲಿಂದ ಹಿಂದಕ್ಕೆ ಬರಬೇಕು. ಕುರಿ ಹೋದ ಮೇಲೆ ಮೈಲಾರಪ್ಪ ಸಿಳ್ಳು ಹಾಕುವುದನ್ನೇ ಬಿಟ್ಟಿದ್ದ. ಊರಿನವರಿಗೂ ಅದು ಮರೆತೇಹೋಗಿತ್ತು.

ಆ ದಿನ ಪುಷ್ಯಮಾಸದ ಬಿಸಿಲು. ಗ್ಯಾನಮ್ಮ ಬಸವಲಿಂಗ ಗೌಡರ ಹೊಲದಲ್ಲಿ ಹತ್ತಿ ಬಿಡಿಸಲು ಕೂಲಿಗೆ ಹೋಗಿದ್ದಳು. ಮೈಲಾರಪ್ಪ ಅವಳಿಗೆ ಬುತ್ತಿ ಕೊಟ್ಟು, ಕೋಲೂರಿಕೊಂಡು ಬರುತ್ತ ಒಂದು ಬದುವಿನ ಮೇಲೆ ಕಾಲು ಚಾಚಿ ಕುಳಿತ. ಚಿಗರಿ ಅವನ ಪಕ್ಕದಲ್ಲಿ ನಾಲಿಗೆ ಚಾಚಿ ಕುಳಿತಿತು. ಎದುರಿಗೆ ತೊಗರಿ ಕೊಯ್ದ ಹೊಲದಲ್ಲಿ ಆಂಜನೇಯನ ಹಿಂಡು ಮೇಯುತ್ತಿತ್ತು. ಆಂಜನೇಯ ದೂರದ ಬೋರಿನ ಹತ್ತಿರ ರೊಟ್ಟಿ ಬಿಚ್ಚಿಕೊಂಡು ಕುಳಿತಿದ್ದ. ಅವನ ಮೊಬೈಲಿನ ಹಾಡು ಗಾಳಿಯಲ್ಲಿ ಬಂದು ಬಂದು ಹೋಗುತ್ತಿತ್ತು.

ಹಿಂಡಿನ ಮುಂದೆ ಸೀಳುಗಿವಿಯ ಮುದಿ ಕುರಿಯಿತ್ತು. ಅದರ ತಾಯಿ ಹೆತ್ತು ಸತ್ತಾಗ ಗ್ಯಾನಮ್ಮ ಸೀಸೆಯಲ್ಲಿ ಹಾಲು ಕುಡಿಸಿ ಬದುಕಿಸಿದ ಮರಿ ಅದು. ಈಗ ಇವನ ಕಡೆ ಬೆನ್ನು ಮಾಡಿ ಮೇಯುತ್ತಿತ್ತು. ಅದರ ಮುಖ ನೋಡಬೇಕು ಅನ್ನಿಸಿತು ಮೈಲಾರಪ್ಪನಿಗೆ. ಅಷ್ಟೇ. ಒಂದು ಸಲ ಎಲ್ಲವೂ ಇತ್ತ ತಿರುಗಿ ನೋಡಿದರೆ ಸಾಕಿತ್ತು. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಬೆರಳು ಬಾಯಿಗೆ ಹೋಗಿತ್ತು. ಉದ್ದ ಸಿಳ್ಳು ಹೊರಟಿತು.

ಸೀಳುಗಿವಿ ತಲೆ ಎತ್ತಿತು. ಹಳೆಯ ಕುರಿಗಳೆಲ್ಲ ತಲೆ ಎತ್ತಿದವು. ಮೈಲಾರಪ್ಪನ ಎದೆ ತುಂಬಿ ಬಂತು. ಆ ಹೊತ್ತಿಗೆ ಚಿಗರಿ ಪಕ್ಕದಲ್ಲಿರಲಿಲ್ಲ.

ಎರಡು ವರ್ಷದಿಂದ ಕಾದಿದ್ದ ನಾಯಿ ಬಾಣದಂತೆ ಹೋಗಿ ಹಿಂಡನ್ನು ಸುತ್ತುಹಾಕಿತು. ಹಳೆಯ ಕುರಿಗಳು ಅದನ್ನು ಗುರುತಿಸಿ ಗುಂಪಾಗಿ ತಿರುಗಿದವು. ಆದರೆ ಆಂಜನೇಯ ಹೋದ ವರ್ಷ ಲಿಂಗಸುಗೂರಿನಿಂದ ತಂದು ಸೇರಿಸಿದ ಮೂವತ್ತು ಕುರಿಗಳಿಗೆ ಚಿಗರಿ ಯಾರೆಂದು ಗೊತ್ತಿರಲಿಲ್ಲ. ತೋಳ ಬಂತೆಂಬಂತೆ ಬೆದರಿ ಅವು ಕೆಳಗಿನ ಕೃಷಿಹೊಂಡದ ಕಡೆ ನುಗ್ಗಿದವು. ಬಸವಲಿಂಗ ಗೌಡ ತೋಡಿಸಿದ ಹೊಂಡ ಅದು. ಒಳಗೆಲ್ಲ ಕರಿ ಪ್ಲಾಸ್ಟಿಕ್ ಹಾಳೆ ಹಾಸಿತ್ತು, ಸುತ್ತ ಬೇಲಿ ಇರಲಿಲ್ಲ. ಮುಂದಿನ ಕುರಿ ಜಾರಿತು. ಹಿಂದಿನವು ಅದರ ಬೆನ್ನಿಗೆ ಜಾರಿದವು.

ಮೈಲಾರಪ್ಪ ಎರಡು ಗಿಡ್ಡ ಸಿಳ್ಳು ಹಾಕಿದ. ಚಿಗರಿ ಹೊಂಡದ ಅಂಚಿನಲ್ಲಿ ಗಕ್ಕನೆ ನಿಂತಿತು. ಆದರೆ ಹಿಂದಕ್ಕೆ ಬರಲಿಲ್ಲ. ನೀರಿನಲ್ಲಿ ಬಡಿದಾಡುವ ಕುರಿಗಳನ್ನು ನೋಡಿ ಒಂದೇ ಸಮ ಬೊಗಳತೊಡಗಿತು. ಆಂಜನೇಯ ಕೈಯಲ್ಲಿದ್ದ ರೊಟ್ಟಿ ಬಿಸಾಕಿ ಓಡಿಬಂದಾಗ ಕಂಡದ್ದು ಅದು: ಹೊಂಡದ ದಂಡೆಯ ಮೇಲೆ ಬೊಗಳುತ್ತಿರುವ ನಾಯಿ, ಒಳಗೆ ಮುಳುಗುತ್ತಿರುವ ಕುರಿ.

ಮೈಲಾರಪ್ಪ ಎದ್ದು ಹತ್ತು ಹೆಜ್ಜೆ ಹೋದ. ಹತ್ತಿ ಹೊಲದಿಂದ ಹೆಣ್ಣಾಳುಗಳು ಓಡಿ ಬರುತ್ತಿದ್ದರು. ಅವರನ್ನು ಕಂಡದ್ದೇ ಅವನ ಕಾಲು ನಿಂತಿತು. ಜಾಲಿ ಗಿಡದ ಮರೆಗೆ ಸರಿದ. ಆಂಜನೇಯ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹೊಂಡಕ್ಕಿಳಿದದ್ದು, ಪ್ಲಾಸ್ಟಿಕ್ ಮೇಲೆ ಕಾಲು ನಿಲ್ಲದೆ ತಾನೇ ಎರಡು ಸಲ ಮುಳುಗಿ ಎದ್ದದ್ದು, ಹೆಣ್ಣಾಳುಗಳು ಹಗ್ಗ ಹಿಡಿದು ಜಗ್ಗಿದ್ದು, ಎಲ್ಲವನ್ನೂ ಅಲ್ಲಿಂದಲೇ ನೋಡಿದ. ನಾಲ್ಕು ಕುರಿ ಬದುಕಿದವು. ಏಳು ಸತ್ತವು. ಅವುಗಳಲ್ಲಿ ಮೂರು ಗಬ್ಬದವು.

ಮರುದಿನ ಮುಂಜಾನೆ ಹನುಮಪ್ಪನ ಗುಡಿಕಟ್ಟೆಯ ಮೇಲೆ ಹಿರಿಯರು ಸೇರಿದರು. ಹಿರಿಯ ಕರಿಬಸಯ್ಯ ನಡುವೆ ಕುಳಿತ. ಹೊಂಡದ ಮಾತು ಬರುವ ಮೊದಲೇ ಬಸವಲಿಂಗ ಗೌಡ ಬಾಯಿ ತೆರೆದ.

"ಅಯ್ನೋರ, ಆ ನಾಯಿಗೆ ರಕ್ತದ ರುಚಿ ಹತ್ತೇತಿ. ಇವತ್ತ ಕುರಿ, ನಾಳೆ ನಮ್ಮ ಕರಾ, ನಾಡಿದ್ದ ಸಾಲಿಗೆ ಹೋಗೋ ಹುಡುಗರು. ಇದಕ್ಕೊಂದು ಫೈಸ್ಲಾ ಆಗಾಕ ಬೇಕ್ರಿ."

"ರಕ್ತ ಎಲ್ಲಿಂದ ಬಂತ್ರೀ ಗೌಡ್ರ? ಒಂದು ಕುರಿ ಮೈಮ್ಯಾಲೂ ಹಲ್ಲಿನ ಗುರುತಿಲ್ಲ" ಎಂದ ಆಂಜನೇಯ. ಅವನ ದನಿ ಒಡೆದುಹೋಗಿತ್ತು. "ಆದ್ರ ಬೆನ್ನಟ್ಟಿದ್ದು ಖರೇ. ಹೊಂಡದ ದಂಡಿ ಮ್ಯಾಲ ನಿಂತು ಬೊಗಳೂದು ನಾನಾ ಕಣ್ಣಾರೆ ಕಂಡೀನಿ."

ಕರಿಬಸಯ್ಯ ಮೈಲಾರಪ್ಪನ ಕಡೆ ತಿರುಗಿದ. "ನೀ ಎಲ್ಲಿದ್ದೆಪಾ ಆಗ?"

"ಬುತ್ತಿ ಕೊಟ್ಟು ಹೊಳ್ಳಿ ಬರಾಕತ್ತಿದ್ದೆ ರೀ."

"ನಾಯಿ ತಾನಾಗೇ ಹೋತೇನು?"

ಕಟ್ಟೆಯ ಕೆಳಗೆ ಹೆಂಗಸರ ಗುಂಪಿನಲ್ಲಿ ಗ್ಯಾನಮ್ಮ ನಿಂತಿದ್ದಳು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಗಂಡನನ್ನೇ ನೋಡುತ್ತಿದ್ದಳು. ಮೈಲಾರಪ್ಪ ಅವಳ ಕಡೆ ನೋಡಲಿಲ್ಲ. ಹೇಳಬೇಕೆಂದೇ ಮನೆಯಿಂದ ಹೊರಟಿದ್ದ. ಆದರೆ ಹೇಳುವುದೇನು? ಮಾರಿದ ಕುರಿಯನ್ನು ಸಿಳ್ಳು ಹಾಕಿ ಕರೆದೆ ಎಂದೇ? ಆಸೆಗೆ ಕರೆದೆನೆಂದರೆ ನಗುತ್ತಾರೆ, ಹೊಟ್ಟೆಕಿಚ್ಚಿಗೆ ಕರೆದೆನೆಂದು ನಂಬುತ್ತಾರೆ.

"ಹೂಂ ರೀ" ಎಂದ. "ಕೈ ತಪ್ಪಿಸಿಕೊಂಡು ಹೋತ್ರಿ."

ಹೊಡೆದು ಹಾಕಿ ಎಂದರು ಕೆಲವರು. ಕರಿಬಸಯ್ಯ ಒಪ್ಪಲಿಲ್ಲ. "ಮೈಲಾರ ದೇವರ ಒಕ್ಕಲದವರು ನಾಯೀನ ದೇವರಂಗ ಕಾಣತಾರ. ಅವರ ಕೈಲಿ ಆ ಕೆಲಸ ಮಾಡಸೂದು ಬ್ಯಾಡ. ಆಂಜನೇಯ, ನಿನ್ನ ನುಕ್ಸಾನ ಹೆಂಗ?"

"ಅಕ್ಕನ ಮನಿಯಿಂದ ನಾ ಏನೂ ಇಸಗೊಳ್ಳಂಗಿಲ್ರಿ. ನಾಯಿ ಕಟ್ಟಿ ಹಾಕಲಿ, ಸಾಕು."

ಹಾಗೇ ತೀರ್ಮಾನವಾಯಿತು. ಚಿಗರಿಯನ್ನು ಸರಪಳಿಯಲ್ಲಿ ಕಟ್ಟಬೇಕು. ಇನ್ನೊಮ್ಮೆ ಹಿಂಡಿನ ಹತ್ತಿರ ಬಿಡಾಡಿಯಾಗಿ ಕಂಡರೆ ಆಂಜನೇಯ ಏನು ಮಾಡಿದರೂ ಯಾರೂ ಕೇಳಬಾರದು. ಬೇಲಿಯಿಲ್ಲದ ಹೊಂಡದ ಬಗ್ಗೆ ಒಬ್ಬರೂ ಮಾತೆತ್ತಲಿಲ್ಲ.

ಹುಟ್ಟಿದಾಗಿನಿಂದ ಕೊರಳಿಗೆ ಹಗ್ಗ ಕಾಣದ ನಾಯಿ ಅದು. ಸರಪಳಿ ಹಾಕುವಾಗ ಕುತ್ತಿಗೆ ಚಾಚಿ ಸುಮ್ಮನೆ ನಿಂತಿತು. ಯಜಮಾನ ಏನೋ ಹೊಸ ಕೆಲಸ ಕಲಿಸುತ್ತಾನೆಂದು ತಿಳಿದಿರಬೇಕು. ಎರಡು ದಿನ ಸರಪಳಿ ಎಳೆದಾಡಿತು. ಮೂರನೆಯ ದಿನ ರೊಟ್ಟಿ ಮುಟ್ಟುವುದನ್ನು ಬಿಟ್ಟಿತು. ಮೈಲಾರಪ್ಪ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರೆ ಅವನ ಬೆರಳು ನೆಕ್ಕಿ ಮುಖ ತಿರುಗಿಸುತ್ತಿತ್ತು. ಗ್ಯಾನಮ್ಮ ಗಂಡನ ಜೊತೆ ಉಪ್ಪು, ನೀರು, ಕೂಲಿ ಅನ್ನುವಷ್ಟೇ ಮಾತಾಡುತ್ತಿದ್ದಳು. ಅವಳು ಯಾಕೆ ಹಾಗಿದ್ದಾಳೆಂದು ಅವನು ಕೇಳಲಿಲ್ಲ.

ಒಂಬತ್ತನೆಯ ದಿನದ ಸಂಜೆ. ಊರ ಮುಂದಿನ ಓಣಿಗೆ ಸಿಮೆಂಟು ಹಾಕುತ್ತಿದ್ದರಿಂದ ಆಂಜನೇಯ ಆ ದಿನ ಹಿಂಡನ್ನು ಮೈಲಾರಪ್ಪನ ಓಣಿಯಲ್ಲೇ ಹೊಡೆದುಕೊಂಡು ಬಂದ. ಕುರಿಗಳ ಕೊರಳಗಂಟೆಯ ಸದ್ದು ಕೇಳಿದ್ದೇ ಚಿಗರಿ ಎದ್ದು ನಿಂತಿತು. ಒಂದೇ ಎಳೆತಕ್ಕೆ ಗೂಟ ಮಣ್ಣಿನ ಸಮೇತ ಕಿತ್ತುಬಂತು. ಸರಪಳಿ ಎಳೆದುಕೊಂಡೇ ಅದು ಹಿಂಡಿನ ಪಕ್ಕಕ್ಕೆ ಹೋಗಿ, ಮೊದಲಿನ ದಿನಗಳ ಹಾಗೆಯೇ ಅಂಚು ಹಿಡಿದು ನಡೆಯತೊಡಗಿತು. ಓಡಲಿಲ್ಲ, ಬೊಗಳಲಿಲ್ಲ. ಆದರೆ ಹೊಸ ಕುರಿಗಳು ಸರಪಳಿಯ ಸದ್ದಿಗೆ ಬೆದರಿ ಗೋಡೆಗೆ ಗೋಡೆಗೆ ಬಡಿದುಕೊಂಡವು. ಒಂದು ಮರಿ ಕಾಲಡಿ ಬಿದ್ದು ಕಿರುಚಿತು.

"ಮತ್ತ ಬಂತಲ್ಲಲೇ!" ಎಂದು ಯಾರೋ ಕೂಗಿದರು. ಆಂಜನೇಯ ಹಿಂದಿನಿಂದ ಬಡಿಗೆ ಎತ್ತಿಕೊಂಡು ಓಡಿಬಂದ.

ಮೈಲಾರಪ್ಪ ಬಾಗಿಲಲ್ಲಿದ್ದ. ಅವನ ಕಾಲು ಅಷ್ಟು ದೂರ ಮುಟ್ಟುವಂತಿರಲಿಲ್ಲ. ಸಿಳ್ಳು ಮುಟ್ಟುತ್ತಿತ್ತು. ಎರಡು ಗಿಡ್ಡ ಸಿಳ್ಳು ಹಾಕಿದರೆ ಚಿಗರಿ ತಿರುಗಿ ಬಂದೇ ಬರುತ್ತಿತ್ತು. ಆದರೆ ನಳದ ಹತ್ತಿರ ಹೆಂಗಸರು ತುಂಬಿದ್ದರು. ಗೌಡ ಬೈಕ್ ನಿಲ್ಲಿಸಿಕೊಂಡು ನೋಡುತ್ತಿದ್ದ. ನಾಯಿ ಸಿಳ್ಳಿಗೆ ಬರುವುದನ್ನು ಇಷ್ಟು ಜನ ಕಂಡರೆ, ಆವತ್ತು ಅದನ್ನು ಕಳಿಸಿದವರು ಯಾರೆಂದು ಕೇಳದೆ ಬಿಡುತ್ತಾರೆಯೇ? ಬೆರಳು ತುಟಿಯ ಹತ್ತಿರವೇ ನಿಂತಿತು. ಒಂದು ಉಸಿರಿನಷ್ಟು ಹೊತ್ತು, ಹೆಚ್ಚಿಲ್ಲ.

ಆಮೇಲೆ ಸಿಳ್ಳು ಹಾಕಿದ.

ಚಿಗರಿ ನಿಂತಿತು. ಕಿವಿ ನಿಮಿರಿಸಿ, ಅವನ ಕಡೆಗೇ ತಲೆ ತಿರುಗಿಸಿತು. ಬಡಿಗೆ ಬಿದ್ದದ್ದು ಆ ತಿರುಗಿದ ತಲೆಯ ಮೇಲೆ.

ಕತ್ತಲಾಗುವ ಮುನ್ನ ಗಂಡಹೆಂಡತಿ ಇಬ್ಬರೇ ಹಿತ್ತಲಿನ ಬೇವಿನ ಬುಡದಲ್ಲಿ ಗುಂಡಿ ತೋಡಿದರು. ದೇವರ ಜಗಲಿಯಿಂದ ಭಂಡಾರದ ಅರಿಶಿನ ತಂದು ನಾಯಿಯ ಹಣೆಗೆ ಹಚ್ಚಿದಳು ಗ್ಯಾನಮ್ಮ. ಮಣ್ಣು ಮುಚ್ಚಿ ಕೈ ಝಾಡಿಸಿಕೊಂಡು, ನೆಲ ನೋಡುತ್ತ ಹೇಳಿದಳು:

"ಆವತ್ತಿನ ಸಿಳ್ಳು ನಂಗ ಕೇಳಿತ್ತು. ಹತ್ತಿ ಸಾಲಿನಾಗ ನಿಂತು ಕೇಳೀನಿ. ಇಪ್ಪತ್ತೆಂಟು ವರ್ಷ ಆತು ನಿನ್ನ ಮದಿವಿ ಆಗಿ. ನಂಗ ತಿಳಿಯಂಗಿಲ್ಲೇನು ಅದು?"

ಮೈಲಾರಪ್ಪ ಗುದ್ದಲಿ ಕೆಳಗಿಟ್ಟ. "ಮತ್ತ ನೀ ಯಾಕ ಹೇಳಲಿಲ್ಲ?"

"ಕಟ್ಟಿ ಮ್ಯಾಲ ನೀನಾ ಹೇಳತಿ ಅಂತ ಕಾದೆ. ಆಮ್ಯಾಲ ಮನ್ಯಾಗರ ಹೇಳತಿ ಅಂತ ಕಾದೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನೂ ತಪ್ಪು ಮಾಡೀನಿ, ಬಿಡು."

ಮರುದಿನ ಬೆಳಕು ಹರಿದ ಕೂಡಲೇ ಮೈಲಾರಪ್ಪ ಆಂಜನೇಯನ ಕುರಿಹಟ್ಟಿಗೆ ಹೋದ. ಆಂಜನೇಯ ಮುಳ್ಳಿನ ಬೇಲಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದ. ಕಣ್ಣು ಕೆಂಪಗಾಗಿದ್ದವು. ಮೈಲಾರಪ್ಪ ನಿಂತೇ ಎಲ್ಲ ಹೇಳಿದ: ಬದುವಿನ ಮೇಲೆ ಕುಳಿತದ್ದು, ಸೀಳುಗಿವಿಯ ಮುಖ ನೋಡಬೇಕೆನ್ನಿಸಿದ್ದು, ಜಾಲಿಯ ಮರೆಗೆ ಸರಿದದ್ದು, ಕಟ್ಟೆಯ ಮೇಲೆ ಸುಳ್ಳು ಹೇಳಿದ್ದು.

ಆಂಜನೇಯ ಬೇಲಿಯ ಮುಳ್ಳೊಂದನ್ನು ಮುರಿದು ಕೈಯಲ್ಲಿ ತಿರುವುತ್ತ ಕುಳಿತ.

"ನಿನ್ನೆ ನಿನ್ನ ಸಿಳ್ಳಿಗೆ ಅದು ನಿಂತದ್ದು ನೋಡೀನಿ ಮಾಮಾ" ಎಂದ ಕಡೆಗೆ. "ಬಡಿಗಿ ಎತ್ತಿಬಿಟ್ಟಿದ್ದೆ. ಕೈ ತಡೀಲಿಲ್ಲ. ಆವಾಗಿಂದ ಅದನ್ನಾ ವಿಚಾರ ಮಾಡಾಕತ್ತೀನಿ."

"ನಂದಾ ತಪ್ಪು. ನೀ ಏನರ ಅನ್ನು. ಹೊಡಿ ಬೇಕಾರ."

"ಹೊಡದು ಏನು ಮಾಡ್ಲಿ?" ಆಂಜನೇಯ ಎದ್ದು ನಿಂತ. "ಕುರಿ ಕೊಡೂವಾಗ ಹೇಳಿದ್ದೆ, ಯಾವಾಗ ಬೇಕಾದ್ರೂ ಬಾ, ನೋಡು, ಮೈ ಸವರು ಅಂತ. ಒಂದು ದಿನ ಬರಲಿಲ್ಲ ನೀ. ದೂರ ಕುಂತು ಸಿಳ್ಳು ಹಾಕಿದಿ. ಏಳು ಕುರಿ ಹೋದ್ರ ನಾ ತಡಕೊಂತಿದ್ದೆ. ಆ ನಾಯಿ ಕೊಂದೋನು ಅಂತ ನನ್ನ ಮಾಡಿದಿಯಲ್ಲ ಮಾಮಾ, ಅದನ್ನ ಹೆಂಗ ತಡಕೊಳ್ಳಲಿ?"

ಆಂಜನೇಯ ಬೇಲಿಯ ಮುಳ್ಳು ಸರಿಸಿ ಹಿಂಡು ಬಿಟ್ಟ. ಕುರಿಗಳು ಇಬ್ಬರ ನಡುವೆಯೇ ಹಾದುಹೋದವು. ಸೀಳುಗಿವಿ ಬಂದು ಮೈಲಾರಪ್ಪನ ಮೊಣಕಾಲಿಗೆ ಮೂತಿ ತಿಕ್ಕಿತು. ಅವನು ಕೈ ಚಾಚಲಿಲ್ಲ. ಅದು ಸ್ವಲ್ಪ ನಿಂತು, ಉಳಿದವುಗಳ ಹಿಂದೆ ಹೋಯಿತು.

ಅಲ್ಲಿಂದ ನೇರ ಕರಿಬಸಯ್ಯನ ಮನೆಗೆ ಹೋಗಿ ಮೈಲಾರಪ್ಪ ಅದೇ ಮಾತನ್ನು ಮತ್ತೊಮ್ಮೆ ಹೇಳಿದ. ಕರಿಬಸಯ್ಯ ವಿಭೂತಿ ಗಟ್ಟಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದ. "ಈಗ ಹೇಳಿದ್ರ ಯಾರಿಗೆ ಏನು ಬಂತು? ಮನೀಗೆ ಹೋಗು" ಎಂದು ಒಳಗೆ ನಡೆದ. ಆದರೂ ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಯಾರೂ ನಗಲಿಲ್ಲ, ಬೈಯಲೂ ಇಲ್ಲ. ಮೈಲಾರಪ್ಪ ಅಂಗಡಿಯ ಮುಂದೆ ಬಂದರೆ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು, ಅಷ್ಟೇ.

ಆ ತಿಂಗಳ ಕೊನೆಗೆ ಬಸವಲಿಂಗ ಗೌಡ ಯಾರಿಗೂ ಹೇಳದೆ ಹೊಂಡದ ಸುತ್ತ ಕಲ್ಲಿನ ಕಂಬ ನೆಡಿಸಿದ. ತಂತಿ ಕಟ್ಟಲು, ಕೂತೇ ಕೆಲಸ ಮಾಡುವ ಒಬ್ಬ ಆಳು ಬೇಕೆಂದು ಹೇಳಿ ಕಳಿಸಿದಾಗ ಮೈಲಾರಪ್ಪ ಹೋದ. ಕಾಲು ಚಾಚಿ ನೆಲದ ಮೇಲೆ ಕುಳಿತು, ಕಂಬದಿಂದ ಕಂಬಕ್ಕೆ ಸರಿಯುತ್ತ, ಇಕ್ಕಳದಲ್ಲಿ ತಂತಿ ಹಿಡಿದು ತಿರುವಿದ. ಆಂಜನೇಯನ ಹಿಂಡು ಆ ದಿನಗಳಲ್ಲಿ ದೂರದ ಹಟ್ಟಿ ಊರಿನ ಕಡೆ ಮೇಯಲು ಹೋಗಿತ್ತು. ಮಳೆಗಾಲದ ತನಕ ಬರುವುದಿಲ್ಲವೆಂದು ಗ್ಯಾನಮ್ಮನಿಗೆ ಫೋನು ಮಾಡಿ ಹೇಳಿದ್ದನಂತೆ, ಮಾಮ ಹೇಗಿದ್ದಾನೆಂದು ಕೇಳಲಿಲ್ಲವಂತೆ. ನಾಲ್ಕು ದಿನಕ್ಕೆ ಬೇಲಿ ಮುಗಿಯಿತು. ಗೌಡ ಬಂದು ತಂತಿಯನ್ನು ಕೈಯಿಂದ ಜಗ್ಗಿ ನೋಡಿ, ಬಿಗಿಯಾಗೇತಿ ಎಂದ.

ಮೈಲಾರಪ್ಪ ಇಕ್ಕಳವನ್ನು ಅವನ ಕೈಗೆ ಕೊಟ್ಟು, ಕೋಲೂರಿ ಎದ್ದು, ಮನೆಯ ದಾರಿ ಹಿಡಿದ.